ಎಣ್ಣೆ ಹಚ್ಚಿದ ಎಲೆ

ಕಾಶೀಬಾಯಿ ಮದುವೆಗೆ ಮುಂಚೆಯೇ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ಗಂಡ ಮುಂಬಯಿಯಲ್ಲಿ ಇನ್ನೊಂದು ಸಂಸಾರ ಹೂಡಿದ ಮೇಲೆ ಧಾರವಾಡದ ಮಾಳಮಡ್ಡಿಯಲ್ಲಿದ್ದ ಅಣ್ಣ ರಮಾಕಾಂತನ ಮನೆ ಸೇರಿದಳು. ತುಳಸಿಗೆ ನೀರು, ರಂಗೋಲಿ, ಒಲೆ; ಬಾವಿಯ ಗಡಗಡಿಯ ಹಾಗೆ ದಿನಗಳು ಇದ್ದಲ್ಲೇ ತಿರುಗುತ್ತಿದ್ದವು.

೧೯೩೭ರ ದೀಪಾವಳಿಯಲ್ಲಿ ಅಣ್ಣನೇ ಬಾಯಿಬಿಟ್ಟು ಹೇಳಿದ: "ಜೂನದಾಗ ಶಿಕ್ಷಕಿಯರ ಟ್ರೇನಿಂಗ್ ಸಾಲಿಗೆ ಹೋಗು. ಇರಲಿಕ್ಕೂ ಅಲ್ಲೇ ವ್ಯವಸ್ಥಾ ಅದ." ಅಂದಿನಿಂದ ಅವಳು ಕೊಡ ಹೊರುವ ರೀತಿಯೇ ಬದಲಾಯಿತು.

ತುಳಸಿ ಲಗ್ನ ಬಂತು. ಅಣ್ಣನ ಹೆಂಡತಿ ಇಂದೂಬಾಯಿ ಅರಿಷಿಣ ಕಲಸಿದ ಎಣ್ಣೆಯನ್ನು ಗಿಡದ ಎಲೆ ಎಲೆಗೂ, ಮೇಲೂ ಕೆಳಗೂ, ಬಿಡದೆ ತೊಡೆದಳು.

"ಅವ್ವಾ, ಲಗ್ನಾ ಮಾಡ್ತೀಯೋ ಭಜಿ ಕರೀತೀಯೋ?" ಹೈಸ್ಕೂಲು ಓದುತ್ತಿದ್ದ ಮಗಳು ಸುಹಾಸಿನಿ ನಕ್ಕಳು.

"ಮದುಮಗಳಿಗೆ ಎಣ್ಣಿ ಹಚ್ಚಬ್ಯಾಡೇನ? ಬಾಯಿ ಮುಚ್ಚು."

ವಾರ ಕಳೆಯುವುದರೊಳಗೆ ಎಲೆಗಳು ಕಪ್ಪಾಗಿ ಉದುರತೊಡಗಿದವು. ಇಂದೂಬಾಯಿ ಕಟ್ಟೆಯ ಮುಂದೆ ನಿಂತು, ಓಣಿಗೆ ಕೇಳುವ ಹಾಗೆ ಅಂದಳು: "ದಿನಾ ನೀರು ಹಾಕೋ ಕೈ ಯಾರದು? ಸಂಸಾರ ನಿಲ್ಲದ ಕೈ!"

ಅಣ್ಣ ತಲೆ ಎತ್ತಲಿಲ್ಲ. "ಮನ್ಯಾಗ ಹಿಂಗಾದಾಗ ಸಾಲಿ ಮಾತು ಬ್ಯಾಡ. ತುಳಸಿ ಚಿಗೀಲಿ, ನೋಡೋಣು."

ಸುಹಾಸಿನಿ ತನ್ನ ಪುಸ್ತಕ ತಂದು ಕಾಶೀಬಾಯಿಗೆ ತೋರಿಸಿದಳು. "ಅತ್ಯಾ, ಎಲಿಗೆ ಕಣ್ಣಿಗೆ ಕಾಣದ ಸಣ್ಣ ಸಣ್ಣ ಬಾಯಿ ಇರ್ತಾವ, ಕೆಳಗಿನ ಮಗ್ಗಲಕ್ಕ ಭಾಳ. ಗಾಳಿ ಅದರಾಗೇ ಹೋಗಿ ಬರ್ತದ, ನೀರಿನ ಹಬೆನೂ ಅದರಾಗೇ ಹೊರಬೀಳ್ತದ. ಎಣ್ಣಿ ಹಚ್ಚಿದ್ರ ಬಾಯಿ ಕಟ್ಟಿಧಾಂಗ."

ಹಿತ್ತಲ ದಾಸವಾಳದ ಎರಡು ಟೊಂಗೆಗಳನ್ನು ಅವರು ಆರಿಸಿಕೊಂಡರು. ಒಂದರ ಎಲೆಗಳಿಗೆ ಎರಡೂ ಬದಿ ಎಣ್ಣೆ ಸವರಿ, ಎರಡಕ್ಕೂ ಒಣ ಗಾಜಿನ ಬಾಟಲಿ ತೊಡಿಸಿ, ಬಾಯಿಗೆ ಅರಳೆ ತುರುಕಿ ಬಿಸಿಲಿಗೆ ಬಿಟ್ಟರು. ಮಧ್ಯಾಹ್ನಕ್ಕೆ ಬರಿಯ ಎಲೆಗಳ ಬಾಟಲಿಯ ಒಳಮೈ ಬೆವೆತು ಹನಿ ಇಳಿಯುತ್ತಿತ್ತು. ಎಣ್ಣೆಯ ಎಲೆಗಳ ಬಾಟಲಿಯಲ್ಲಿ ಹನಿಯೇ ಇರಲಿಲ್ಲ. ಕಾಶೀಬಾಯಿ ಅದನ್ನೇ ನೋಡುತ್ತ ಕುಳಿತಳು. ತನ್ನ ಉಸಿರು ಎದೆಯಲ್ಲೇ ನಿಂತಿದೆ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಕಚೇರಿಯಿಂದ ಬಂದ ಅಣ್ಣನನ್ನು ಹಿತ್ತಲಿಗೆ ಕರೆದೊಯ್ದಳು. ಅವನು ಎರಡೂ ಬಾಟಲಿಗಳನ್ನು ಬಗ್ಗಿ ನೋಡಿದ.

"ಖರೇ ಅದ," ಅಂದ ಮೆಲ್ಲಗೆ. "ಆದ್ರ ತುಳಸಿ ಕೊಂದಾಕಿ ನನ್ನ ಹೆಂಡತಿ ಅಂತ ಓಣಿ ತುಂಬ ಸಾರ್ಲೇನು? ಚಿಗೀಲಿ, ಕಾಶೀ. ಚಿಗಿತ್ರ ಯಾರೂ ಏನೂ ಅನ್ನೂದಿಲ್ಲ."

ಅವಳು ಒಣಗಿದ ಟೊಂಗೆಗಳನ್ನು ಚಿವುಟಿದಳು, ಬುಡ ಸಡಿಲಿಸಿದಳು, ಬಿಸಿಲೇರಿದರೆ ಗಿಡಕ್ಕೆ ತನ್ನ ಹಳೆಯ ಸೀರೆಯ ನೆರಳು ಕಟ್ಟಿದಳು. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಂಡದ ಗೆಣ್ಣಿನಲ್ಲಿ ಹಸಿರು ಮೂಡಿತ್ತು. "ವೈನೀ, ಬರ್ರಿ ಇಲ್ಲೆ! ಚಿಗಿತದ ನೋಡ್ರಿ!"

ಇಂದೂಬಾಯಿ ಓಡಿ ಬಂದು ಕೈಮುಗಿದಳು. ಕಣ್ಣಲ್ಲಿ ನೀರು ತಂದುಕೊಂಡು ನಾದಿನಿಯ ಕೈ ಹಿಡಿದಳು. "ನಾ ಏನೇನೋ ಅಂದೆ, ಮನಸಿನಾಗ ಇಟ್ಕೋಬ್ಯಾಡ. ಎಂಥಾ ಕೈಗುಣ ನಿಂದು! ಇಂಥಾ ಕೈಯನ್ನ ಮನಿ ಬಿಟ್ಟು ಯಾರರೆ ಕಳಸ್ತಾರೇನು? ನೀ ಹೋದಿ ಅಂದ್ರ ಗಿಡಾ ಮತ್ತ ಒಣಗತದ. ಏನ್ರಿ, ಖರೇ ಹೌದಲ್ಲೋ?"

ಕಾಶೀಬಾಯಿ ಬಾಗಿಲಲ್ಲಿ ನಿಂತಿದ್ದ ಅಣ್ಣನ ಕಡೆ ತಿರುಗಿದಳು. "ಅಣ್ಣಾ, ಜೂನ್..."

"ಹೂಂ," ಅಂದ ರಮಾಕಾಂತ, ಹೆಂಡತಿಯತ್ತ ನೋಡುತ್ತ. "ಮುಂದಿನ ವರ್ಷ ನೋಡೋಣು. ಸ್ನಾನಕ್ಕ ನೀರು ಕಾದಾವೇನು?"

ಕಾದಿರಲಿಲ್ಲ. ಅವಳು ಒಳಗೆ ಹೋಗಿ ಒಲೆ ಊದಿದಳು.