ಬೋರೇಗೌಡ ಕಟ್ಟಿದ ಟ್ಯೂಬು

ಹಾವು ಕಚ್ಚಿದ ಆ ಗಳಿಗೆಯಲ್ಲಿ ನಾನು ದೇವರನ್ನು ನೆನೆಯಲಿಲ್ಲ. ಬೋರೇಗೌಡನನ್ನು ನೆನೆದೆ.

ಸದ್ಯ, ಇವತ್ತು ಭಾನುವಾರ, ಬೋರ ಊರಲ್ಲೇ ಇದ್ದಾನೆ ಅಂದುಕೊಂಡೆ. ಆ ಧೈರ್ಯವನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೆಳಿಗ್ಗೆ ಎಂಟು ಗಂಟೆ ಇರಬೇಕು. ಹಸುವಿಗೆ ಹುಲ್ಲು ಕುಯ್ಯಲು ಕಬ್ಬಿನ ಗದ್ದೆಯ ಬದುವಿಗೆ ಹೋಗಿದ್ದೆ. ನಮ್ಮೂರು ಹೊಸಹೊಳಲಿನ ಆಚೆ. ಎಡಪಾದದ ಮೇಲೆ ಕೊಳ್ಳಿ ಇಟ್ಟಂತಾಯಿತು. ನೋಡಿದರೆ ಕೊಳಕುಮಂಡಲ. ದಪ್ಪ ಹಾವು, ಅವಸರವೇ ಇಲ್ಲದೆ ಕಬ್ಬಿನೊಳಗೆ ಸರಿದುಹೋಯಿತು. ಎರಡು ಹಲ್ಲಿನ ಗುರುತು, ಎರಡು ಹನಿ ರಕ್ತ. ಅಲ್ಲೇ ಕೂತು ಕೂಗಿದೆ.

"ಬೋರನ್ನ ಕರೀರ್ಲಾ! ಯಾರಾರ ಬೋರನ್ನ ಕರೀರಿ!"

ಬೋರೇಗೌಡ ನಮ್ಮೂರಿನವನು, ನನ್ನ ಓರಗೆಯವನು. ಪಾಂಡವಪುರದ ಕಡೆಯ ಒಂದು ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಅವನು ಹೆಲ್ತ್ ವರ್ಕರ್, ನಾನು ಅದೇ ಕೇಂದ್ರದ ಜೀಪು ಡ್ರೈವರ್. ನನ್ನ ಹೆಸರು ನಾಗರಾಜಾಚಾರಿ. ನಮ್ಮಪ್ಪ ಮರಗೆಲಸದವರು, ನಾನು ಉಳಿ ಬಿಟ್ಟು ಸ್ಟೀರಿಂಗ್ ಹಿಡಿದೆ. ವಾರವೆಲ್ಲ ನಮ್ಮಿಬ್ಬರದು ಒಂದೇ ಬಾಡಿಗೆ ರೂಮು. ನಾನು ಮುದ್ದೆ ಮಾಡುತ್ತಿದ್ದೆ, ಅವನು ಪಾತ್ರೆ ತೊಳೆಯುತ್ತಿದ್ದ. ಶನಿವಾರ ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ.

ಇದೆಲ್ಲಕ್ಕಿಂತ ದೊಡ್ಡ ಧೈರ್ಯ ಇನ್ನೊಂದಿತ್ತು. ಎರಡು ತಿಂಗಳ ಮುಂಚೆ ಪಾಂಡವಪುರದಲ್ಲಿ ಹೆಲ್ತ್ ವರ್ಕರುಗಳಿಗೆ ಮೂರು ದಿನದ ತರಬೇತಿ ನಡೆದಿತ್ತು. ಸಂಶೋಧನೆಯಲ್ಲಿ ಗೊತ್ತಾದದ್ದು ಪುಸ್ತಕದಲ್ಲೇ ಕೊಳೆಯಬಾರದು, ಹಳ್ಳಿಯಲ್ಲಿ ಕೆಲಸ ಮಾಡುವವರ ಕೈಗೆ ಬರಬೇಕು, ಅದಕ್ಕೇ ಈ ತರಬೇತಿ ಅಂತ ಮೈಸೂರಿನಿಂದ ಬಂದ ಡಾಕ್ಟರ್ ಮೇಡಂ ಮೊದಲ ದಿನವೇ ಹೇಳಿದರು. ಜನರನ್ನು ಜೀಪಿನಲ್ಲಿ ಕರೆತಂದ ನಾನು ಹಿಂದಿನ ಬೆಂಚಿನಲ್ಲಿ ಉಪ್ಪಿಟ್ಟು ತಿನ್ನುತ್ತಾ ಕೂತಿದ್ದೆ. ಎರಡನೇ ದಿನ ಹಾವು ಕಡಿತದ ಪಾಠ.

"ಹಾವು ಕಚ್ಚಿದರೆ ಗಟ್ಟಿಯಾಗಿ ಕಟ್ಟಬೇಕು ಅಂತ ನಾನೂ ಕಾಲೇಜಿನಲ್ಲಿ ಓದಿದ್ದೆ," ಅಂದರು ಮೇಡಂ. "ಆದರೆ ಕಟ್ಟಿದವರಿಗೆ ಏನಾಯಿತು, ಕಟ್ಟದವರಿಗೆ ಏನಾಯಿತು ಅಂತ ಆಸ್ಪತ್ರೆಗಳಲ್ಲಿ ಬರೆದಿಟ್ಟು ನೋಡಿದ್ದಾರೆ. ಕಟ್ಟಿದ್ದರಿಂದ ಜನ ಉಳಿದಿಲ್ಲ, ಕಾಲು ಕಳೆದುಕೊಂಡಿದ್ದಾರೆ. ಗೊತ್ತಾದ ಮೇಲೂ ಹಳೇದನ್ನೇ ಮಾಡಿದರೆ ನಾವು ಓದಿ ಏನು ಬಂತು?"

ಕೈಯಲ್ಲಿ ಮಾಡಿ ತೋರಿಸಲು ಒಬ್ಬ ಪೇಷಂಟ್ ಬೇಕಾಯಿತು. ಎಲ್ಲರೂ ನನ್ನ ಕಡೆ ನೋಡಿದರು. ಬೆಂಚಿನ ಮೇಲೆ ಮಲಗಿಸಿದರು. ಬೋರ ನನ್ನ ಎಡಗಾಲಿನ ಹತ್ತಿರ ಮಂಡಿಯೂರಿ, ಎರಡು ಬಿದಿರಿನ ದಬ್ಬೆ ಇಟ್ಟು, ಸಡಿಲವಾಗಿ ಬಟ್ಟೆ ಸುತ್ತಿ ಪಾಠ ಒಪ್ಪಿಸಿದ. "ಕಟ್ಬಾರ್ದು. ಕುಯ್ಬಾರ್ದು. ಚೀಪ್ಬಾರ್ದು. ಕಾಲು ಅಲ್ಲಾಡಿಸ್ದಂಗೆ ಎತ್ಕಂಡು ಸೀದಾ ಆಸ್ಪತ್ರೆಗೆ." ಫ್ಯಾನಿನ ಗಾಳಿಗೆ ನನಗೆ ನಿದ್ದೆಯೇ ಹತ್ತಿಬಿಟ್ಟಿತ್ತು. ಎಲ್ಲರೂ ನಕ್ಕರು. ಬೋರನಷ್ಟು ಚೆನ್ನಾಗಿ ಯಾರೂ ಮಾಡಲಿಲ್ಲ ಅಂತ ಮೇಡಂ ಚಪ್ಪಾಳೆ ತಟ್ಟಿದರು.

ಹಾವು ಕಚ್ಚಿದ್ದೂ ಅದೇ ಕಾಲಿಗೆ.

ಬೋರ ಓಡಿ ಬಂದ. ಅವನ ಮುಖ ಕಂಡೊಡನೆ ನನಗೆ ಹೋದ ಜೀವ ಬಂದಂತಾಯಿತು. "ಅಲ್ಲಾಡ್ಬ್ಯಾಡ ಆಚಾರಿ," ಅಂದ. ಕಾಲನ್ನು ಮೆಲ್ಲಗೆ ಚಾಚಿಸಿದ. ದಬ್ಬೆ ತನ್ನಿ ಅಂತ ಕೂಗಿದ. ಎಲ್ಲ ಪಾಠದಲ್ಲಿದ್ದ ಹಾಗೇ.

ಅಷ್ಟರಲ್ಲಿ ಊರು ಸೇರಿತು. ನಮ್ಮವ್ವ ಎದೆ ಬಡಿದುಕೊಂಡು ಬಂದಳು. "ಏನ್ಲಾ ನೋಡ್ತಾ ಕುಂತಿದ್ದೀಯ ಬೋರ? ಇಸ ಏರ್ತಾ ಅದೆ, ಕಟ್ಲಾ! ನನ್ ಮಗ ಹೊಂಟೋಯ್ತಾನೆ, ಕಟ್ಲಾ!" ಹತ್ತು ಜನ, ಹತ್ತು ಬಾಯಿ. "ಸರ್ಕಾರದ ಸಂಬ್ಳ ತಿಂತೀಯ, ಕಟ್ಟಾಕ್ ಬರಾಕಿಲ್ವಾ?" ಯಾರೋ ಹಳೇ ಸೈಕಲ್ ಟ್ಯೂಬು ಎಸೆದರು. ಇನ್ಯಾರೋ ಬ್ಲೇಡು ತಂದರು.

"ಬ್ಯಾಡ ಕಣ್ಲಾ ಬೋರ," ಅಂದೆ. "ಮೇಡಂ ಏನ್ ಯೋಳವ್ರೆ? ಬ್ಯಾಡ."

"ಸುಮ್ಕಿರು ಆಚಾರಿ." ಅವನು ನನ್ನ ಮುಖ ನೋಡಲಿಲ್ಲ. ಟ್ಯೂಬು ಎತ್ತಿಕೊಂಡ.

ಕಟ್ಟಿದ.

ಮಂಡಿಯ ಕೆಳಗೆ ಮೂರು ಸುತ್ತು, ಹಲ್ಲು ಕಚ್ಚಿ ಎಳೆದು ಗಂಟು. ಆಮೇಲೆ ಬ್ಲೇಡಿನಿಂದ ಎರಡು ಗೀರು. ರಕ್ತ ಸುರಿಯತೊಡಗಿತು, ನಿಲ್ಲಲೇ ಇಲ್ಲ. ಜನ ಮಾತ್ರ "ಇಸ ಈಚೆಗೆ ಬಂತು ಬುಡು" ಅಂತ ನಿರಾಳವಾದರು. ನಾನೂ ಒಳಗೊಳಗೆ ಕಟ್ಟಿಬಿಡಲಿ ಅಂದುಕೊಂಡೆನೇ? ಇಲ್ಲ ಅಂತ ಆಣೆ ಇಡಲಾರೆ. ಅವ್ವನ ಕೂಗು ಅಂಥದ್ದಾಗಿತ್ತು. ಆದರೆ ನಾನು ಡ್ರೈವರ್. ಚಪ್ಪಾಳೆ ತಟ್ಟಿಸಿಕೊಂಡವನು ಅವನು.

ಕೆ.ಆರ್. ಪೇಟೆಯ ಆಸ್ಪತ್ರೆ ಅರ್ಧ ಗಂಟೆಯ ದಾರಿ. ಸಿಕ್ಕಿದ ಟೆಂಪೊ ನಾಗಮಂಗಲದ ಕಡೆ ತಿರುಗಿತು. ಆ ಕಡೆ ಒಬ್ಬ ಮುದುಕ ಹಾವಿಗೆ ಬೇರು ಅರೆದು ಕೊಡುತ್ತಾನೆ, ಮೊದಲು ಅಲ್ಲಿಗೆ ಅಂತ ಊರಿನವರು ತೀರ್ಮಾನ ಮಾಡಿಬಿಟ್ಟಿದ್ದರು. ಬೋರ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಗಾಡಿ ತಿರುಗಿಸಿ ಅಂತ ಒಂದು ಮಾತು ಆಡಲಿಲ್ಲ.

ಬೇರು ಕುಡಿಸಿದರು. ವಾಂತಿಯಾಯಿತು. ನನ್ನ ಒಸಡಿನಲ್ಲಿ ರಕ್ತ ಕಂಡು ಆ ಮುದುಕನೇ ಹೆದರಿ, "ಬಿರ್ನೆ ಪ್ಯಾಟೆಗೆ ಕರ್ಕೊಂಡೋಗ್ರಪ್ಪ" ಅಂದ. ಆಸ್ಪತ್ರೆ ಮುಟ್ಟುವಾಗ ಹನ್ನೊಂದೂವರೆ. ಕಾಲು ಬದನೆಕಾಯಿಯ ಬಣ್ಣವಾಗಿತ್ತು.

ಡಾಕ್ಟರು ನನ್ನ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ ಇಟ್ಟರು. ಇಪ್ಪತ್ತು ನಿಮಿಷ ಬಿಟ್ಟು ಓರೆ ಮಾಡಿದರು. ಹೆಪ್ಪುಗಟ್ಟಬೇಕಾದ ರಕ್ತ ನೀರಿನ ಹಾಗೆ ಹರಿಯಿತು. ಡ್ರಿಪ್ ಹಾಕಿದರು, ಆಂಟಿವೆನಮ್ ಶುರು ಮಾಡಿದರು. ಸೈಕಲ್ ಟ್ಯೂಬನ್ನು ಹುಷಾರಾಗಿ ಬಿಚ್ಚಿ, ಎತ್ತಿ ಹಿಡಿದು ಕೇಳಿದರು:

"ಯಾರ್ರೀ ಇದನ್ನ ಕಟ್ಟಿದ್ದು?"

"ಊರೋರು ಸಾರ್," ಅಂದ ಬೋರೇಗೌಡ.

ಊರೋರು.

ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹಾವಿನ ಮೇಲೆ ನನಗೆ ಸಿಟ್ಟಿಲ್ಲ, ಅದರ ದಾರಿಯಲ್ಲಿ ಕಾಲಿಟ್ಟವನು ನಾನೇ. ಕಟ್ಟಿದ್ದನ್ನೂ ಒಂದು ದಿನ ಮರೆಯುತ್ತಿದ್ದೆನೇನೋ. ಆದರೆ ನನ್ನ ಕಾಲ ಬುಡದಲ್ಲೇ ನಿಂತು, ನಾನು ಕೇಳುತ್ತಿದ್ದೇನೆ ಅಂತ ಗೊತ್ತಿದ್ದೂ ಆ ಮಾತು ಆಡಿದನಲ್ಲ, ಥೂ, ಅದು ಈಗಲೂ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಅದೇ ಮಧ್ಯಾಹ್ನ ಮೈಸೂರಿಗೆ ಕಳಿಸಿದರು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ನನ್ನ ಹೆಂಡತಿ ರತ್ನ ಆಂಬುಲೆನ್ಸಿನ ಕಿಟಕಿಯಿಂದ ಕೈಮುಗಿದದ್ದು ನೆನಪಿದೆ. ಆಮೇಲಿನದು ಚೂರು ಚೂರು. ಮೂತ್ರ ಎಷ್ಟು ಬಂತು ಅಂತ ಅಳೆಯುವ ಸಿಸ್ಟರ್. ಕಾಲಿನ ಬಾವು ಇಳಿಸಲು ಉದ್ದಕ್ಕೂ ಕುಯ್ದದ್ದು. ಎರಡು ಬೆರಳು ತೆಗೆದದ್ದು. ತೊಡೆಯ ಚರ್ಮ ತಂದು ಪಾದಕ್ಕೆ ಹಾಕಿದ್ದು. ಒಟ್ಟು ಏಳು ವಾರ. ಬೆಳಿಗ್ಗೆ ಡ್ರೆಸಿಂಗ್ ಟ್ರಾಲಿಯ ಗಾಲಿ ಕಿರ್ರೆಂದರೆ ಸಾಕು, ರತ್ನ ಟವೆಲ್ ಸುತ್ತಿ ನನ್ನ ಬಾಯಿಗೆ ಕೊಡುತ್ತಿದ್ದಳು, ಕಚ್ಚಿಕೊಳ್ಳಲು.

ಸರ್ಜನ್ ಒಂದು ದಿನ ಸ್ಟೂಲ್ ಎಳೆದುಕೊಂಡು ಕೂತರು. "ವಿಷ ಅದರ ಕೆಲಸ ಅದು ಮಾಡಿದೆ. ಆದರೆ ಮೂರು ಗಂಟೆಗೂ ಮೇಲೆ ಬಿಗಿದಿದ್ದರಲ್ಲ, ನರ ಹೋಗಿರುವುದು ಹೆಚ್ಚಾಗಿ ಅದರಿಂದ. ನಡೀತೀರಿ. ಪಾದಕ್ಕೆ ಸ್ಪರ್ಶ ಮಾತ್ರ ಬರುವುದು ಕಷ್ಟ."

ಎಡಗಾಲು ಅಂದರೆ ಕ್ಲಚ್ಚು.

ನಾನು ನಂಬಲಿಲ್ಲ. ಊರುಗೋಲು ಬಿಟ್ಟ ವಾರವೇ ಕೇಂದ್ರದ ಅಂಗಳದಲ್ಲಿ ಜೀಪು ಹತ್ತಿದೆ. ಹದಿನಾಲ್ಕು ವರ್ಷದ ಅಭ್ಯಾಸ, ಕಾಲಿಗೇ ಗೊತ್ತಿರುತ್ತದೆ ಅಂದುಕೊಂಡೆ. ಪಾದ ಪೆಡಲಿನ ಮೇಲಿದೆಯೋ ಕೆಳಗಿದೆಯೋ ತಿಳಿಯಲಿಲ್ಲ. ಜೀಪು ನೆಗೆದು ನೀರಿನ ಡ್ರಮ್ಮಿಗೆ ಗುದ್ದಿತು. ಇಳಿದು, ಬೀಗದ ಕೈಯನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಈಗ ಕಿಟಕಿಯ ಹತ್ತಿರ ಕೂತು ಬರುವ ರೋಗಿಗಳಿಗೆ ಓಪಿ ಚೀಟಿ ಬರೆಯುತ್ತೇನೆ.

ಊರಲ್ಲಿ ಏನು ಮಾತು ಗೊತ್ತೇ? ಬೋರ ಕಟ್ಟಿದ್ದಕ್ಕೆ ಆಚಾರಿ ಬದುಕಿದ. ಡಾಕ್ಟರು ಹೇಳಿದ್ದನ್ನು ಎಷ್ಟು ಸಲ ಹೇಳಿದರೂ ಅವ್ವನ ಕಿವಿಗೆ ಹೋಗಲಿಲ್ಲ. ಹಬ್ಬದ ದಿನ ಅವನನ್ನು ಕರೆದು ಕೂರಿಸಿ, "ನನ್ ಮಗನ್ ಜೀವ ಉಳಿಸ್ದೋನು ಕಣಪ್ಪ ನೀನು" ಅಂತ ಹೋಳಿಗೆಗೆ ತುಪ್ಪ ಸುರಿದಳು. ನಾನು ಎದುರಿಗೇ ಕಾಲು ಚಾಚಿ ಕೂತಿದ್ದೆ. ಬೋರ ತಲೆ ತಗ್ಗಿಸಿದ. ಹೋಳಿಗೆ ತಿಂದ. ರತ್ನ ಎದ್ದು ಒಳಗೆ ಹೋದಳು.

ಒಂದು ವರ್ಷವಾಯಿತು. ಹೋದ ತಿಂಗಳು ಮತ್ತೆ ಅದೇ ತರಬೇತಿ, ಅದೇ ಹಾಲ್, ಅದೇ ಮೇಡಂ. ನನ್ನ ಕಾಲನ್ನು ಎಲ್ಲರಿಗೂ ತೋರಿಸಲು ಬರುತ್ತೀರಾ ಅಂತ ಹೇಳಿಕಳಿಸಿದ್ದರು. ಒಪ್ಪಿದೆ. ಬೋರನ ಮಾನ ಕಳೆಯಬೇಕು ಅಂತಲೇ ಹೋದೆ.

ಪ್ಯಾಂಟು ಮಡಚಿದೆ. ಮೇಡಂ ಬಗ್ಗಿ ನೋಡಿ ಕೇಳಿದರು, "ಈ ಕಾಲಿಗೆ ಯಾರು ಕಟ್ಟಿದ್ದು ಆಚಾರ್ರೇ?"

"ಅಗೋ, ಮುಂದ್ಗಡೆ ಕುಂತವ್ನಲ್ಲ ಬೋರೇಗೌಡ, ಅವ್ನು ಮೇಡಂ. ಓದ್ಸಲ ನೀವು ಚಪ್ಪಾಳೆ ತಟ್ಟಿದ್ರಲ್ಲ, ಅವ್ನೇ."

ಬೋರ ಎದ್ದು ನಿಂತ. ಈಗಲೂ ಊರೋರು ಅಂತಾನೆ ನೋಡು ಅಂದುಕೊಂಡೆ.

"ನಾನೇ ಮೇಡಂ," ಅಂದ. "ನಂಗೆಲ್ಲ ಗೊತ್ತಿತ್ತು. ಆದ್ರೆ ಕಟ್ಟಿ ಅವ್ನು ಸತ್ತಿದ್ರೆ ಆವು ಸಾಯಿಸ್ತು ಅಂತಿದ್ರು. ಕಟ್ದೆ ಸತ್ತಿದ್ರೆ ಬೋರ ಸಾಯಿಸ್ದ ಅಂತಿದ್ರು. ನಾನು ಅದೇ ಊರಲ್ಲಿ ಬಾಳ್ಬೇಕಲ್ಲ ಮೇಡಂ."

ಯಾರೂ ಅವನನ್ನು ಬಯ್ಯಲಿಲ್ಲ. ಕೂತಿದ್ದ ಅಷ್ಟೂ ಜನ ಕಾಲ ಕೆಳಗಿನ ನೆಲ ನೋಡುತ್ತಿದ್ದರು. ಅದು ನೋಡಿ ನನಗೆ ಇನ್ನೂ ರೇಗಿತು.

"ನಿನ್ ಎಸ್ರು ಉಳಿಸ್ಕಳಾಕೆ ನನ್ ಕಾಲು ಕೊಟ್ಬುಟ್ಯಲ್ಲಲಾ."

"ಊಂ ಕಣಾಚಾರಿ," ಅಂದ. "ಕೊಟ್ಬುಟ್ಟೆ."

ಒಂದು ವರ್ಷ ಬೈಗುಳ ಜೋಡಿಸಿ ಇಟ್ಟುಕೊಂಡಿದ್ದೆ. ಆ ಒಂದು ಮಾತಿಗೆ ಎಲ್ಲ ಎಲ್ಲಿ ಹೋದವೋ ಕಾಣೆ. ಮೇಡಂ ಕುರ್ಚಿಯಲ್ಲಿ ಕೂತುಬಿಟ್ಟರು. ನನಗೇ ಬಾಯಿ ಬಂತು.

"ಮೇಡಂ, ಇಲ್ಲಿ ಫ್ಯಾನ್ ತಿರುಗ್ತದೆ, ಎಲ್ರೂ ಸುಮ್ಕೆ ಕುಂತಿರ್ತಾರೆ. ಅಲ್ಲಿ ನಮ್ಮವ್ವ ಎದೆ ಬಡ್ಕತಿದ್ಲು. ಕಲಿಸಾದಾದ್ರೆ ಆ ಗಲಾಟೇಲಿ ಕಲಿಸಿ."

ಬೆಂಚಿನ ಮೇಲೆ ನಾನೇ ಮಲಗಿದೆ. ಬೋರನೇ ಬರಲಿ ಅಂದೆ. ಉಳಿದವರಿಗೆ ಸುತ್ತ ನಿಂತು ಕೂಗಿ ಅಂದೆ. ಮೊದಲು ನಗುತ್ತಾ ಕೂಗಿದರು. ಆಮೇಲೆ ಒಬ್ಬ ಹೆಂಗಸು, ಯಾವ ಊರಿನ ನರ್ಸೋ, ನಮ್ಮವ್ವನ ಹಾಗೇ ಚೀರಿದಳು. "ಕಟ್ಲಾ! ನನ್ ಮಗ ಓಯ್ತಾನೆ, ಕಟ್ಲಾ!" ನಗು ನಿಂತಿತು. ಹಾಲ್‌ನಲ್ಲಿದ್ದವರೆಲ್ಲ ಕಟ್ಟು ಕಟ್ಟು ಅನ್ನತೊಡಗಿದರು.

ಬೋರನ ಕೈ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಟವೆಲ್ ಎಳೆದುಕೊಂಡ. ಎರಡು ಕೈಯಲ್ಲೂ ಹಿಡಿದು ನಿಂತ. ಆಮೇಲೆ ಅದನ್ನು ನೆಲಕ್ಕೆ ಬಿಸಾಕಿ, "ಕಟ್ಟಾಕಿಲ್ಲ!" ಅಂತ ಅವರೆಲ್ಲರಿಗಿಂತ ಜೋರಾಗಿ ಕಿರುಚಿದ. ಮಂಡಿಯೂರಿದ. ದಬ್ಬೆ ಇಟ್ಟ.

ಅವನನ್ನು ಕ್ಷಮಿಸಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಜೀಪಿನ ಸದ್ದು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ, ಮುಂದೆಯೂ ಬರುತ್ತದೆ. ಇನ್ನೊಬ್ಬನ ಕಾಲು ಅವನ ಕೈಗೆ ಬಂದರೆ ಉಳಿಯಬಹುದು ಅನ್ನುವ ಮಟ್ಟಿಗೆ ಸಮಾಧಾನ. ಅದಕ್ಕಿಂತ ಹೆಚ್ಚು ಕೇಳಬೇಡಿ.

"ಅಲ್ಲಾಡ್ಬ್ಯಾಡ ಆಚಾರಿ," ಅಂದ ಬೋರ. ನನ್ನ ಎಡಪಾದವನ್ನು ಹಿಡಿದುಕೊಂಡಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. ಆ ಪಾದಕ್ಕೆ ಏನೂ ತಿಳಿಯುವುದಿಲ್ಲ. ತಲೆ ಎತ್ತಿ ನೋಡಿದೆ.

ಎರಡೂ ಅಂಗೈಯಲ್ಲಿ ಹಿಡಿದಿದ್ದ.