ಗೆರೆ ಮೇಲೇರಿದ ದಿನ

ಮೊನ್ನೆ ಮಕ್ತಲದ ಬಸ್ ನಿಲ್ದಾಣದಲ್ಲಿ ತಳ್ಳುಗಾಡಿಯಿಂದ ಮಾಗಿ ಒಡೆದ ದ್ರಾಕ್ಷಿಯ ವಾಸನೆ ಬಂತು. ಕೆಲವು ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಿಂದಲೂ ಇಂಥದೇ ಸಿಹಿ ವಾಸನೆ ಏಳುತ್ತದೆ. ಅದನ್ನು ನನಗೆ ಗುರುತಿಸಲು ಕಲಿಸಿದವರು ಗದ್ವಾಲದ ಆಸ್ಪತ್ರೆಯೊಂದರ ಲ್ಯಾಬಿನ ಮೇಡಂ. ನಾನು ಅವರ ಕೈಕೆಳಗೆ ಟೆಕ್ನಿಷಿಯನ್ ಆಗಿದ್ದೆ.

ನಾರಾಯಣಪೇಟೆಯವರು. ಮಾತು ಕಡಿಮೆ. ಚಹಾವನ್ನು ಬಸಿಗೆ ಸುರಿದುಕೊಂಡೇ ಕುಡಿಯುತ್ತಿದ್ದರು...

ಒಮ್ಮೆ ಮಾಗನೂರು ಕಡೆಯ ಕುರುಬರ ಬಾಣಂತಿಯೊಬ್ಬಳ ಆಪರೇಷನ್ ಹೊಲಿಗೆಯಲ್ಲಿ ಕೀವಾಯಿತು. ಯಾವ ಆಂಟಿಬಯೋಟಿಕ್‌ಗೂ ಜ್ವರ ಇಳಿಯಲಿಲ್ಲ. ಮೇಡಂ ಆ ಕೀವಿನ ಬ್ಯಾಕ್ಟೀರಿಯಾವನ್ನು ಜೀನ್ ಪರೀಕ್ಷೆಗೆ ಹಾಕಿದರು. ಅವಳ ಗಂಡ ಲ್ಯಾಬಿನ ಬಾಗಿಲಲ್ಲೇ ನಿಂತಿದ್ದ. ಯಂತ್ರದ ಪರದೆಯ ಮೇಲೆ ಗೆರೆಯೊಂದು ನಿಧಾನವಾಗಿ ಮೇಲೇರಿತು.

“ಏರಾಕ ಹತ್ತೈತಲ್ರೀ ಮೇಡಂ, ಆರಾಮ ಆಗ್ತಾಳಲ್ರೀ?” ಎಂದ.

“ಇಲ್ಲಪ್ಪ. ದೊಡ್ಡ ಔಷಧಾನೂ ತಡಕೊಳ್ಳೋ ಗುಣ ಆ ಹುಳದಾಗ ಐತಿ. ಅದನ್ನ ಹೇಳೋ ಗೆರಿ ಅದು.”

ಉಳಿದದ್ದು ಒಂದು ಹಳೆಯ ಔಷಧ, ಮೂತ್ರಪಿಂಡಕ್ಕೆ ಕೆಟ್ಟದ್ದು. ಅದನ್ನೇ ಕೊಟ್ಟರು. ಈ ನಡುವೆ ಮೇಡಂ ವಾರ್ಡಿನ ಮೂಲೆಮೂಲೆಯಿಂದ ಮಾದರಿ ತರಿಸಿದರು. ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ಸಿಂಕಿನಲ್ಲಿ ಅದೇ ಬ್ಯಾಕ್ಟೀರಿಯಾ, ಅದೇ ಜೀನ್. ಹಟ ಹಿಡಿದು ವಾರ್ಡು ಮುಚ್ಚಿಸಿದರು. ಬಾಣಂತಿ ಉಳಿಯಲಿಲ್ಲ.

ಹೊರಗೆ ಅವಳ ಅತ್ತೆ ಸತ್ತವಳನ್ನೇ ಬೈದು ಅಳುತ್ತಿದ್ದಳು, ಪಥ್ಯ ಮಾಡಲಿಲ್ಲ, ಹೇಳಿದ ಮಾತು ಕೇಳಲಿಲ್ಲ ಎಂದು. ಸಿಂಕಿನ ವಿಷಯ ಬಾಯಿ ಬಿಡಬಾರದೆಂದು ಮೇಲಿನವರು ಹೇಳಿದ್ದರು. ಮೇಡಂ ಕೋಟು ಕಳಚಿಟ್ಟು ನೇರವಾಗಿ ಅತ್ತೆಯ ಬಳಿ ಹೋದರು.

“ಆಕಿದೇನೂ ತಪ್ಪಿಲ್ಲವ್ವ. ಇದು ಮನಿಯಿಂದ ಬಂದ ರೋಗ ಅಲ್ಲ. ನಮ್ಮ ದವಾಖಾನ್ಯಾಗ ಹತ್ತಿದ್ದು.”

ಗಂಡ ಕೂಸನ್ನು ಎದೆಗೆ ಒತ್ತಿಕೊಂಡು, “ಈ ಮಾತು ನಮ್ಮ ಊರಿಗಿ ಬಂದು ಹೇಳ್ತೀರೇನ್ರಿ?” ಎಂದು ಕೇಳಿದ.

ಹೋದರು. ಮಣ್ಣು ಮಾಡಿದ ದಿನವೇ ಸತ್ತವಳ ತವರಿನವರ ಎದುರು ನಿಂತು ಅದನ್ನೇ ಹೇಳಿದರಂತೆ. ಯಾರೋ ಬೈದರು, ಯಾರೋ ಕೈ ಮುಗಿದರು. ಸ್ವಲ್ಪ ದಿನಕ್ಕೆ ಆಸ್ಪತ್ರೆಯವರು ಅವರನ್ನು ಕೆಲಸದಿಂದ ಬಿಡಿಸಿದರು. ಆ ಊರಿಗೆ ಯಾಕೆ ಹೋದಿರಿ ಎಂದು ನಾನು ಕೇಳಿದ್ದಕ್ಕೆ, “ಆ ಕೂಸು ನಾಳೆ ದೊಡ್ಡದಾಗ್ತೈತಲ್ಲ” ಎಂದಷ್ಟೇ ಹೇಳಿ ಬ್ಯಾಗು ಎತ್ತಿಕೊಂಡರು.

ಹೋದ ಚಳಿಗಾಲದಲ್ಲಿ ಮೇಡಂ ನಾರಾಯಣಪೇಟೆಯಲ್ಲಿ ತೀರಿಕೊಂಡರು. ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈಗ ಮಕ್ತಲದ ಲ್ಯಾಬಿನಲ್ಲಿ ನಾನೇ ಹಿರಿಯ. ವರದಿಗೆ ಸಹಿ ಹಾಕುವ ಮುಂಚೆ ಸಂಶಯ ಬಂದರೆ ಅವರನ್ನು ಕೇಳೋಣವೆಂದು ಕೈ ತಾನಾಗಿ ಫೋನ್ ಎತ್ತುತ್ತದೆ... ಆಮೇಲೆ ಮತ್ತೆ ಕೆಳಗಿಡುತ್ತೇನೆ.