ತಟ್ಟೆ ಹಿಡಿದು ನಿಂತ ಸನ್ಮಾನಿತೆ

ನನ್ನ ಮೊಮ್ಮಗಳು ಡಾಕ್ಟರಾದಳು. ಸೂಜಿ ಚುಚ್ಚುವ ಡಾಕ್ಟರಲ್ಲ. ಕುರಿಗಳ ಲಿವರ್ ಹೊಕ್ಕು ಕೊಲ್ಲುವ ಹುಳುವಿನ ಬೆನ್ನುಹತ್ತಿ, ವರ್ಷಗಟ್ಟಲೆ ದುಡಿದು ಪಡೆದ ಡಾಕ್ಟರೇಟು. ಸೊರಬದ ತವರಿನಲ್ಲಿ ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಆ ಪದವಿಯ ಎತ್ತರ ತಿಳಿಯದು. ಆದರೂ ಸುದ್ದಿ ಬಂದ ದಿನ ಕುಣಿಯುವುದೊಂದು ಬಾಕಿ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿದೆ. ಕೇಳದವರಿಗೆ ಜೋರಾಗಿ ಹೇಳಿದೆ.

ನಮ್ಮದು ಅಂಜನಾಪುರದ ಕಾಲುವೆ ಬಯಲಿನಲ್ಲಿ ಕುರಿ ಸಾಕುವ ಮನೆ. ಗದ್ದದ ಕೆಳಗೆ ಬಾವು ಬಂದು ಕುರಿ ಸೊರಗಿದರೆ ದೃಷ್ಟಿ ತಾಗಿತೆಂದು ನಿವಾಳಿಸುತ್ತಿದ್ದೆವು. ಅದು ಆ ಹುಳುವಿನ ಕಾಟವಂತೆ; ಹುಳು ಬಸವನಹುಳುವಿನ ಹೊಟ್ಟೆಯಲ್ಲಿ ಬೆಳೆದು, ಕಾಲುವೆಯಂಚಿನ ಹಸಿ ಹುಲ್ಲಿನಿಂದ ಕುರಿಯ ಒಳಗೆ ಹೋಗುತ್ತದಂತೆ. ನಮ್ಮ ಬಯಲಿನಲ್ಲಿ ಅದರ ಜಾಡು ಹಿಡಿದವಳು ಅವಳು.

ಶಿರಾಳಕೊಪ್ಪದಲ್ಲಿ ನಮ್ಮ ಸಮಾಜದ ಸಂಘದವರು ಸನ್ಮಾನ ಇಟ್ಟುಕೊಂಡರು. ಅವಳಿಗೆ ಶಾಲು ಬೇಕಿರಲಿಲ್ಲ.

"ಅಜ್ಜಿ, ಕುರಿಗಾರರೆಲ್ಲ ಒಂದೇ ಕಡೆ ಸಿಗ್ತಾರೆ. ಮಳೆ ಹಿಡಿಯೋದ್ರೊಳಗೆ ಇದನ್ನ ಹೇಳ್ಬೇಕು. ಸ್ವಲ್ಪ ಹೊತ್ತು ಮೈಕ್ ಕೊಟ್ರೆ ಸಾಕು" ಅಂದಿದ್ದಳು.

ಬಾಗಿಲಲ್ಲೇ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಅವಳಪ್ಪ, ಅಂದರೆ ನನ್ನ ಮಗ, ಆಳೆತ್ತರ ನಿಂತಿದ್ದ. ಪಕ್ಕದಲ್ಲಿ ನಮ್ಮ ಯಜಮಾನರು. ಮೊಮ್ಮಗಳೂ ಇದ್ದಳು, ಹತ್ತಿರ ಹೋಗಿ ನೋಡಿದರೆ ಮೂಲೆಯಲ್ಲಿ ಕಾಣುತ್ತಿದ್ದಳು.

ನಮ್ಮ ಸಭೆಗಳಲ್ಲಿ ರೇಷ್ಮೆ ಸೀರೆ ಉಟ್ಟ ಹುಡುಗಿಯರು ಶಾಲು, ಹಣ್ಣುಗಳ ತಟ್ಟೆ ಹಿಡಿದು ವೇದಿಕೆಯ ಪಕ್ಕ ನಿಲ್ಲುವುದು ರೂಢಿ. ಸಂಘದ ಕಾರ್ಯದರ್ಶಿ ಓಡುತ್ತ ಬಂದವನು ನಮ್ಮ ಹುಡುಗಿಯ ರೇಷ್ಮೆ ಸೀರೆ ನೋಡಿದ.

"ಏ ತಂಗಿ, ಸುಮ್ನೆ ಯಾಕ ನಿಂತಿ? ಹಿಡಿ ಇದನ್ನ, ಸಾಲಿನಾಗ ನಿಲ್ಲು."

"ಅಣ್ಣಾ, ನಾನು..."

"ಮಾತು ಆಮ್ಯಾಲೆ. ಅತಿಥಿಗಳು ಬಂದ್ರು!"

ತಟ್ಟೆ ಅವಳ ಕೈಗೆ ಬಂತು.

ಇಂಥ ಮಗಳನ್ನು ಓದಿಸಿದ ತಂದೆ ಎಂದು ನನ್ನ ಮಗನಿಗೆ ಶಾಲು ಹೊದಿಸಿದರು. ಆ ತಟ್ಟೆ ಚಾಚಿದವಳು ಅದೇ ಮಗಳು. ಇಂಥ ಮಗನನ್ನು ಹೆತ್ತ ತಂದೆ ಎಂದು ನಮ್ಮ ಯಜಮಾನರಿಗೆ ಪೇಟ ತೊಡಿಸಿದರು. ಹೆತ್ತದ್ದು ನಾನೇ ಎಂದು ಅಲ್ಲಿಯವರೆಗೂ ತಿಳಿದುಕೊಂಡಿದ್ದೆ. ಮುಖ್ಯ ಅತಿಥಿಗಳು ಹುಡುಗಿಗೆ ಒಳ್ಳೆಯ ಮನೆ ಸಿಗಲೆಂದು ಹಾರೈಸಿದರು; ಹುಳುವಿನ ಸುದ್ದಿ ಎತ್ತಲಿಲ್ಲ. ಹೋದ ಸಲ ಕವನ ಬರೆದ ಹುಡುಗನೊಬ್ಬನನ್ನು ಟ್ರ್ಯಾಕ್ಟರಿನಲ್ಲಿ ಮೆರೆಸಿದ್ದರು. ಆಗ ಅವನಪ್ಪನನ್ನು ಯಾರೂ ಹುಡುಕಿರಲಿಲ್ಲ. ಪಾಪ, ಆ ಮನುಷ್ಯ ಜನರ ನಡುವೆ ಸಿಕ್ಕಿ ಒದ್ದಾಡುತ್ತಿದ್ದ.

ಕೊನೆಗೆ ಮೈಕ್ ಬಂದದ್ದೂ ನನ್ನ ಮಗನ ಕೈಗೇ.

"ಆ ಹುಳ ಹುಲ್ಲಿನಾಗ ಇರ್ತೈತಿ... ಅಲ್ಲ, ಬಸವನಹುಳದಾಗ..." ಎಂದು ಬೆವರಿದ.

"ಯಣ್ಣಾ, ಕುರಿ ಎಲ್ಲಿ ಮೇಸಬೇಕು, ಅದನ್ನ ಹೇಳಪ್ಪಾ!" ಎಂದು ಕುರಿಗಾರನೊಬ್ಬ ಕೂಗಿದ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

"ಅವನಿಗೇನು ಗೊತ್ತು? ಗೊತ್ತಿದ್ದೋಳು ಅಲ್ಲಿ ತಟ್ಟೆ ಹಿಡ್ಕೊಂಡು ನಿಂತಾಳೆ ನೋಡ್ರಿ!"

ಸಭೆ ಗೊಳ್ಳೆಂದಿತು. ಮಗನಿಗೆ ಜೀವ ಬಂದಂತಾಗಿ, "ಬಾರವ್ವಾ, ನನ್ನ ಮಾನ ಉಳಿಸು" ಎಂದು ಮೈಕ್ ಚಾಚಿದ. ಅವಳು ತಟ್ಟೆಯನ್ನು ಕಾರ್ಯದರ್ಶಿಯ ಕೈಗಿತ್ತು ಮೇಲೆ ಹೋದಳು.

"ಕಾಲುವೆ ಅಂಚಿಗೆ ಕುರಿ ಬಿಡಬ್ಯಾಡ್ರಿ. ಒಣ ದಿಬ್ಬದ ಕಡೆ ಹೊಡೀರಿ. ಗದ್ದ ಬಾತ್ರೆ ನಿವಾಳಿಸಿ ಕೂರಬ್ಯಾಡ್ರಿ, ದನದ ಡಾಕ್ಟ್ರ ಹತ್ರ ಹೋಗ್ರಿ" ಎಂದು ಶುರುಮಾಡಿದಳು. ಪ್ರಶ್ನೆಯ ಮೇಲೆ ಪ್ರಶ್ನೆ ಬಂತು. ಊಟಕ್ಕೆ ಕರೆದರೂ ಕುರಿಗಾರರು ಏಳಲಿಲ್ಲ. ಮುಖ್ಯ ಅತಿಥಿಗಳು ಮಾತ್ರ ಎದ್ದರು. ನಾನೋ, ಅರ್ಧ ಅರ್ಥವಾಗದಿದ್ದರೂ ಮಾತುಮಾತಿಗೆ ಚಪ್ಪಾಳೆ ತಟ್ಟಿದೆ.

ವಂದನಾರ್ಪಣೆಯಲ್ಲಿ ಕಾರ್ಯದರ್ಶಿ, ಮಗಳಿಗೆ ಮಾತಾಡಲು ಅವಕಾಶ ಕೊಟ್ಟ ತಂದೆಯವರ ದೊಡ್ಡ ಮನಸ್ಸಿಗೆ ಕೃತಜ್ಞತೆ ಸಲ್ಲಿಸಿದ. ಅದು ಮೊಮ್ಮಗಳಿಗೆ ಕೇಳಿಸಲಿಲ್ಲ. ವೇದಿಕೆಯ ಕೆಳಗೆ ಕುರಿಗಾರರ ನಡುವೆ ನಿಂತು, ನಾಳೆ ಬೆಳಿಗ್ಗೆ ಮೊದಲು ಯಾರ ಹಟ್ಟಿಗೆ ಬರಬೇಕೆಂದು ಕೇಳುತ್ತಿದ್ದಳು.